ರಾಸಾಯನಿಕ ಕ್ರಿಯೆಗಳ ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ತಾಪ, ಸಾರತೆ (ಇಷ್ಟು ಗಾತ್ರದಲ್ಲಿ ವಸ್ತು ಎಷ್ಟಿದೆ ಎಂಬುದು), ಮೇಲ್ಮೈ ವಿಸ್ತೀರ್ಣ, ಕ್ರಿಯಾವರ್ಧಕ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು). ಕ್ರಿಯೆಯ ವೇಗವನ್ನು ಬದಲಿಸುವ ಈ ನಾಲ್ಕು ಹೆಸರು ಬಹುತೇಕ ಎಲ್ಲರಿಗೂ ಬಾಯಿಪಾಠ. ತೊಡಕು ಬರುವುದು ಆಮೇಲೆ. ಕೈಯಲ್ಲಿರುವ ಕ್ರಿಯೆಯನ್ನು ಈಗ ಹಿಡಿದಿಟ್ಟಿರುವುದು ಯಾವುದು ಎಂದು ನೋಡದೆ ಸಿಕ್ಕಿದ್ದನ್ನು ತಿರುಗಿಸಿದರೆ ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಎಲ್ಲವೂ ಒಟ್ಟಿಗೆ ಆಗಿಬಿಡುತ್ತದೆ. ಕೆಳಗಿನ ಉತ್ತರಗಳನ್ನು ಈ ದೃಷ್ಟಿಯಿಂದಲೇ ಬರೆಯಲಾಗಿದೆ.

ಕ್ರಿಯೆಯ ವೇಗ ಎಂದರೆ ನಿಖರವಾಗಿ ಏನು?

ಒಂದು ಸೆಕೆಂಡಿನಲ್ಲಿ ಎಷ್ಟು ಪ್ರತಿವರ್ತಕ (ಕ್ರಿಯೆಗೆ ಇಳಿಯುವ ವಸ್ತು) ಖರ್ಚಾಯಿತು, ಅಥವಾ ಎಷ್ಟು ಉತ್ಪನ್ನ ಹುಟ್ಟಿತು ಎಂಬ ಲೆಕ್ಕ. ದ್ರಾವಣಗಳಲ್ಲಿ ಇದನ್ನು ಪ್ರತಿ ಲೀಟರಿಗೆ, ಪ್ರತಿ ಸೆಕೆಂಡಿಗೆ ಇಷ್ಟು ಮೋಲ್ (ಅಣುಗಳ ಎಣಿಕೆಯ ಮಾನ) ಎಂದು ಹೇಳುತ್ತಾರೆ.

ಈ ವೇಗ ಒಂದೇ ಸಮ ಇರುವುದಿಲ್ಲ. 0.06 ಗ್ರಾಂ ಮೆಗ್ನೀಸಿಯಂ ಪಟ್ಟಿಯನ್ನು 1 ಮೋಲಾರ್ (ಲೀಟರಿಗೆ 1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲದ 50 ಮಿ.ಲೀ.ಗೆ ಹಾಕಿದರೆ ಒಟ್ಟು ಸುಮಾರು 60 ಮಿ.ಲೀ. ಹೈಡ್ರೋಜನ್ ಬರುತ್ತದೆ. ಮೊದಲು ಗುಳ್ಳೆಗಳು ನುಗ್ಗಿ ಬರುತ್ತವೆ, ಪಟ್ಟಿ ಸವೆದಂತೆ ಬಿಡಿಬಿಡಿಯಾಗುತ್ತವೆ. ಒಟ್ಟು ಅನಿಲವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಸಿಗುವುದು ಸರಾಸರಿ ಮಾತ್ರ. ಎರಡು ಪ್ರಯೋಗಗಳನ್ನು ಹೋಲಿಸಬೇಕಾದರೆ ಆರಂಭದ ವೇಗವನ್ನೇ ತೆಗೆದುಕೊಳ್ಳಬೇಕು, ಏಕೆಂದರೆ ಪ್ರತಿವರ್ತಕಗಳ ಪ್ರಮಾಣ ನಮಗೆ ಖಚಿತವಾಗಿ ಗೊತ್ತಿರುವುದು ಆ ಕ್ಷಣದಲ್ಲಿ ಮಾತ್ರ. ಸಮಯದ ಎದುರು ಅನಿಲದ ಗಾತ್ರ ಗುರುತಿಸಿದ ಗ್ರಾಫಿನ ಮೊದಲ ನೇರ ಭಾಗದ ಇಳಿಜಾರೇ ಆ ವೇಗ.

ಇಂಥ ಅಳತೆಯನ್ನು ಮೊದಲಿಗೆ ಅಚ್ಚುಕಟ್ಟಾಗಿ ಮಾಡಿದವನು ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ, 1850ರಲ್ಲಿ. ಆಮ್ಲ ಬೆರೆಸಿದ ಸಕ್ಕರೆ ದ್ರಾವಣ ಧ್ರುವೀಕೃತ ಬೆಳಕನ್ನು ತಿರುಗಿಸುವ ಕೋನ ಹೊತ್ತು ಕಳೆದಂತೆ ಹೇಗೆ ಬದಲಾಗುತ್ತದೆ ಎಂದು ಅವನು ಅಳೆದ. ದ್ರಾವಣವನ್ನು ಮುಟ್ಟದೆ, ಮಾದರಿ ತೆಗೆಯದೆ ಅಳೆಯುವ ಆ ಜಾಣತನ ಇಂದಿಗೂ ಒಳ್ಳೆಯ ಮಾದರಿ.

ಶಕ್ತಿ ಹೊರಬಿಡುವ ಕ್ರಿಯೆ ತಾನಾಗಿಯೇ ಬೇಗ ನಡೆಯಬೇಕಲ್ಲವೇ?

ಇಲ್ಲ. ಕ್ರಿಯೆ ನಡೆಯಲು ಸಾಧ್ಯವೇ ಎಂಬುದು ಒಂದು ಪ್ರಶ್ನೆ, ಎಷ್ಟು ಬೇಗ ನಡೆಯುತ್ತದೆ ಎಂಬುದು ಇನ್ನೊಂದು. ಸಾಮಾನ್ಯ ತಾಪ ಮತ್ತು ಒತ್ತಡದಲ್ಲಿ ವಜ್ರಕ್ಕಿಂತ ಗ್ರಾಫೈಟೇ ಹೆಚ್ಚು ಸ್ಥಿರ. ಆದರೂ ವಜ್ರ ಗ್ರಾಫೈಟ್ ಆಗುವುದನ್ನು ಯಾರೂ ಕಾದು ನೋಡಲಾರರು. ಹೈಡ್ರೋಜನ್ ಮತ್ತು ಆಕ್ಸಿಜನ್ ಬೆರೆಸಿ ಕೋಣೆಯ ತಾಪದಲ್ಲಿ ಇಟ್ಟರೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಅದೇ ಮಿಶ್ರಣಕ್ಕೆ ಒಂದು ಕಿಡಿ ಅಥವಾ ಚಿಟಿಕೆ ಪ್ಲಾಟಿನಂ ಪುಡಿ ತಗುಲಿದರೆ ಸ್ಫೋಟ.

ನಡುವೆ ಒಂದು ದಿಣ್ಣೆ ಇದೆ ಎಂದಿಟ್ಟುಕೊಳ್ಳಿ. ಆಚೆ ಬದಿ ಎಷ್ಟೇ ಆಳವಿದ್ದರೂ ಮೊದಲು ಈ ದಿಣ್ಣೆ ಹತ್ತಲೇಬೇಕು. ಹಳೆಯ ಬಂಧಗಳು ಸಡಿಲಗೊಂಡು ಹೊಸವು ಕೂಡಲು ಬೇಕಾಗುವ ಈ ಕನಿಷ್ಠ ಶಕ್ತಿಗೆ ಸಕ್ರಿಯಣ ಶಕ್ತಿ ಎಂದು ಹೆಸರು. ವೇಗವನ್ನು ನಿರ್ಧರಿಸುವುದು ದಿಣ್ಣೆಯ ಎತ್ತರ. ಆಚೆಯ ಇಳಿಜಾರಿಗೆ ಇದರಲ್ಲಿ ಪಾತ್ರವಿಲ್ಲ.

ಸ್ವಲ್ಪ ಬಿಸಿ ಮಾಡಿದರೂ ವೇಗ ಅಷ್ಟೊಂದು ಏರುವುದೇಕೆ?

"ಅಣುಗಳು ಜೋರಾಗಿ ಓಡಾಡುತ್ತವೆ, ಹೆಚ್ಚು ಡಿಕ್ಕಿಯಾಗುತ್ತವೆ" ಎಂಬ ಉತ್ತರ ಅರ್ಧ ಮಾತ್ರ ಸರಿ, ಅದೂ ಚಿಕ್ಕ ಅರ್ಧ. ತಾಪ 25ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಅನಿಲದ ಅಣುಗಳ ಸರಾಸರಿ ವೇಗ ಹೆಚ್ಚುವುದು ಶೇ. 1.7ರಷ್ಟು. ಕ್ರಿಯೆಯ ವೇಗ ಮಾತ್ರ ಎರಡು ಪಟ್ಟಾಗಿರುತ್ತದೆ. ಈ ಲೆಕ್ಕ ಡಿಕ್ಕಿಗಳ ಸಂಖ್ಯೆಯಿಂದ ಕೂಡಿ ಬರುವುದಿಲ್ಲ.

ಡಿಕ್ಕಿಗಳಿಗೆ ಎಂದೂ ಕೊರತೆ ಇರುವುದಿಲ್ಲ. ಸಾಮಾನ್ಯ ಒತ್ತಡದ ಅನಿಲದಲ್ಲಿ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಬಾರಿ ಡಿಕ್ಕಿ ಹೊಡೆಯುತ್ತದೆ. ಅವುಗಳಲ್ಲಿ ಬಹುಪಾಲು ವ್ಯರ್ಥ. ದಿಣ್ಣೆ ದಾಟುವಷ್ಟು ಶಕ್ತಿ ಇರುವುದು ತೀರ ಕೆಲವಕ್ಕೆ. ತಾಪ ಏರಿದಾಗ ಬೆಳೆಯುವುದು ಈ ಕೆಲವರ ಗುಂಪು. 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಇದಕ್ಕೆ ಸೂತ್ರ ಕೊಟ್ಟ. ಸಕ್ರಿಯಣ ಶಕ್ತಿಯನ್ನು ಅನಿಲ ಸ್ಥಿರಾಂಕ 8.314 ಮತ್ತು ಕೆಲ್ವಿನ್ ತಾಪದ ಗುಣಲಬ್ಧದಿಂದ ಭಾಗಿಸಿದರೆ ಬರುವ ಸಂಖ್ಯೆ ಸೂತ್ರದಲ್ಲಿ ಋಣ ಘಾತವಾಗಿ ಕೂತಿದೆ. ಆದ್ದರಿಂದಲೇ ತಾಪದ ಸಣ್ಣ ಬದಲಾವಣೆಗೂ ದೊಡ್ಡ ಪರಿಣಾಮ.

"10 ಡಿಗ್ರಿಗೆ ವೇಗ ದುಪ್ಪಟ್ಟು" ಎಂಬ ನಿಯಮವನ್ನು ನಂಬಬಹುದೇ?

ಅಂದಾಜಿಗೆ ಸಾಕು, ವಿನ್ಯಾಸಕ್ಕೆ ಸಾಲದು. 25ರಿಂದ 35 ಡಿಗ್ರಿಗೆ ಏರಿದಾಗ ಸಕ್ರಿಯಣ ಶಕ್ತಿ ಮೋಲಿಗೆ 50 ಕಿಲೋಜೌಲ್ ಇದ್ದರೆ ವೇಗ 1.9 ಪಟ್ಟಾಗುತ್ತದೆ. 25 ಕಿಲೋಜೌಲ್ ಇದ್ದರೆ 1.4 ಪಟ್ಟು, 100 ಇದ್ದರೆ 3.7 ಪಟ್ಟು. ಅಂದರೆ ದಿಣ್ಣೆ ಎತ್ತರವಿದ್ದಷ್ಟೂ ಕ್ರಿಯೆ ತಾಪಕ್ಕೆ ಹೆಚ್ಚು ಸೂಕ್ಷ್ಮ. ಅದೇ ಕ್ರಿಯೆ 300 ಡಿಗ್ರಿಯ ಕುಲುಮೆಯಲ್ಲಿ ನಡೆಯುತ್ತಿದ್ದರೆ 10 ಡಿಗ್ರಿ ಏರಿಕೆಗೆ ಅಷ್ಟು ಬೆಲೆ ಇಲ್ಲ. ನಿಯಮ ಸರಿಹೊಂದುವುದು ಕೋಣೆಯ ತಾಪದ ಆಸುಪಾಸಿನಲ್ಲಿ, 50 ಕಿಲೋಜೌಲ್ ಸುತ್ತಮುತ್ತಲಿನ ಕ್ರಿಯೆಗಳಿಗೆ ಮಾತ್ರ.

ಬಿಸಿ ಮಾಡಿದರೆ ನಿಧಾನವಾಗುವ ಕ್ರಿಯೆಗಳೂ ಇವೆಯೇ?

ಇವೆ. ನೈಟ್ರಿಕ್ ಆಕ್ಸೈಡ್ ಮತ್ತು ಆಕ್ಸಿಜನ್ ಸೇರಿ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗುವ ಕ್ರಿಯೆ ತಾಪ ಏರಿದಂತೆ ತುಸು ನಿಧಾನವಾಗುತ್ತದೆ. ಮೊದಲು ಎರಡು ನೈಟ್ರಿಕ್ ಆಕ್ಸೈಡ್ ಅಣುಗಳು ಸಡಿಲವಾಗಿ ಜೋಡಿಯಾಗಬೇಕು, ಆಮೇಲೆ ಆ ಜೋಡಿಗೆ ಆಕ್ಸಿಜನ್ ಬಂದು ಸೇರಬೇಕು. ಬಿಸಿಯಲ್ಲಿ ಜೋಡಿಯೇ ನಿಲ್ಲುವುದಿಲ್ಲ. ಜೀವಿಗಳಲ್ಲಿರುವ ಪ್ರೋಟೀನ್ ಕ್ರಿಯಾವರ್ಧಕಗಳಾದ ಕಿಣ್ವಗಳದ್ದು ಬೇರೆ ಕಥೆ. ಒಂದು ಮಿತಿಯವರೆಗೆ ವೇಗ ಏರುತ್ತದೆ, ಅದು ದಾಟಿದರೆ ಪ್ರೋಟೀನಿನ ಮಡಿಕೆಯೇ ಬಿಚ್ಚಿಹೋಗುತ್ತದೆ. ತಣ್ಣಗಾದ ಮೇಲೂ ಅದು ಸಾಮಾನ್ಯವಾಗಿ ಮರಳುವುದಿಲ್ಲ.

ಸಾರತೆ ದುಪ್ಪಟ್ಟಾದರೆ ವೇಗವೂ ದುಪ್ಪಟ್ಟೇ?

ಆಗಬಹುದು, ನಾಲ್ಕು ಪಟ್ಟಾಗಬಹುದು, ಏನೂ ಬದಲಾಗದೆಯೂ ಇರಬಹುದು. ಸಮೀಕರಣ ನೋಡಿ ಹೇಳಲು ಬರುವುದಿಲ್ಲ, ಪ್ರಯೋಗವೇ ಬೇಕು. ವಿದ್ಯಾರ್ಥಿಗಳು ಎಡವುವ ಜಾಗ ಇದೇ: ಸಮೀಕರಣದಲ್ಲಿ 2 ಎಂದಿದ್ದರೆ ಅದನ್ನೇ ವೇಗದ ಸೂತ್ರದಲ್ಲಿ ಸಾರತೆಯ ಘಾತವೆಂದು ಬರೆದುಬಿಡುತ್ತಾರೆ.

ಆಮ್ಲದ ನೆರವಿನಲ್ಲಿ ಅಸಿಟೋನ್ ಮತ್ತು ಅಯೋಡಿನ್ ನಡುವೆ ನಡೆಯುವ ಕ್ರಿಯೆ ಕಣ್ಣು ತೆರೆಸುವ ಉದಾಹರಣೆ. ಅಯೋಡಿನ್ ಪ್ರಮಾಣ ದುಪ್ಪಟ್ಟು ಮಾಡಿ, ವೇಗ ಅಲುಗುವುದಿಲ್ಲ. ಅಸಿಟೋನ್ ಅಥವಾ ಆಮ್ಲವನ್ನು ದುಪ್ಪಟ್ಟು ಮಾಡಿ, ವೇಗ ದುಪ್ಪಟ್ಟಾಗುತ್ತದೆ. ಅಸಿಟೋನ್ ಅಣು ಆಮ್ಲದ ಸಹಾಯದಿಂದ ತನ್ನ ರೂಪ ಬದಲಿಸಿಕೊಳ್ಳುವುದೇ ಇಲ್ಲಿ ನಿಧಾನದ ಹಂತ. ಅಯೋಡಿನ್ ಬಂದು ಸೇರುವುದು ಅದಾದ ಮೇಲೆ, ಕ್ಷಣಾರ್ಧದಲ್ಲಿ. ಬಾಗಿಲು ಕಿರಿದಾಗಿರುವಾಗ ಒಳಗೆ ಎಷ್ಟು ಕುರ್ಚಿ ಹಾಕಿದರೂ ಜನ ಬೇಗ ಬರುವುದಿಲ್ಲ.

ಕಂಡುಹಿಡಿಯುವ ಕ್ರಮ ಸರಳ. ಒಂದು ವಸ್ತುವಿನ ಸಾರತೆಯನ್ನು ಮಾತ್ರ ಬದಲಿಸಿ, ಉಳಿದವನ್ನೂ ಒಟ್ಟು ಗಾತ್ರವನ್ನೂ ತಾಪವನ್ನೂ ಹಾಗೇ ಇಟ್ಟು ಆರಂಭದ ವೇಗ ಅಳೆಯಿರಿ. ಕಡಿಮೆ ಹಾಕಿದಷ್ಟು ನೀರು ಸೇರಿಸಿ ಗಾತ್ರ ಸರಿದೂಗಿಸಲು ಮರೆತರೆ ಮಿಕ್ಕ ಎಲ್ಲದರ ಸಾರತೆಯೂ ಗೊತ್ತಿಲ್ಲದೆ ಬದಲಾಗಿರುತ್ತದೆ, ಪ್ರಯೋಗ ವ್ಯರ್ಥ.

ಆಮ್ಲ ಸಾರಯುಕ್ತವಾದಷ್ಟೂ ಲೋಹವನ್ನು ಬೇಗ ತಿನ್ನುತ್ತದೆ ಅಲ್ಲವೇ?

ಯಾವಾಗಲೂ ಅಲ್ಲ. ಸಾರರಿಕ್ತ (ನೀರು ಬೆರೆತು ತೆಳುವಾದ) ನೈಟ್ರಿಕ್ ಆಮ್ಲ ಕಬ್ಬಿಣವನ್ನು ಭರದಿಂದ ಕರಗಿಸುತ್ತದೆ. ತೀರ ಸಾರಯುಕ್ತ ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣದ ಮೇಲೆ ತೆಳು ಆಕ್ಸೈಡ್ ಪದರ ಕಟ್ಟಿಕೊಂಡು ಕ್ರಿಯೆ ನಿಂತುಹೋಗುತ್ತದೆ. ಶೇ. 98ರ ಸಲ್ಫ್ಯೂರಿಕ್ ಆಮ್ಲವನ್ನು ಸಾಮಾನ್ಯ ಉಕ್ಕಿನ ಟ್ಯಾಂಕಿನಲ್ಲೇ ಶೇಖರಿಸುತ್ತಾರೆ. ಕಬ್ಬಿಣದ ಸಲ್ಫೇಟ್ ಪದರ ಒಳಗೋಡೆಯನ್ನು ಕಾಯುತ್ತದೆ. ಅದೇ ಟ್ಯಾಂಕಿಗೆ ತೇವ ನುಗ್ಗಿ ಆಮ್ಲ ತೆಳುವಾದರೆ ಉಕ್ಕು ಕರಗತೊಡಗುತ್ತದೆ, ಮೇಲಿನ ಖಾಲಿ ಜಾಗದಲ್ಲಿ ಹೈಡ್ರೋಜನ್ ತುಂಬಿಕೊಳ್ಳುತ್ತದೆ. ಖಾಲಿ ಮಾಡಿದ ಟ್ಯಾಂಕಿನ ಮೇಲೆ ವೆಲ್ಡಿಂಗ್ ಮಾಡುವ ಮುನ್ನ ಅನಿಲ ಪರೀಕ್ಷೆ ಕಡ್ಡಾಯವಾಗಿರುವುದು ಇದಕ್ಕೇ.

ಪುಡಿ ಮಾಡಿದರೆ ವೇಗ ಎಷ್ಟು ಹೆಚ್ಚುತ್ತದೆ?

ಘನವಸ್ತುವಿನಲ್ಲಿ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ. 1 ಸೆಂ.ಮೀ. ಬದಿಯ ಘನಕ್ಕೆ 6 ಚದರ ಸೆಂ.ಮೀ. ಮೇಲ್ಮೈ. ಅದನ್ನು 1 ಮಿ.ಮೀ. ಘನಗಳಾಗಿ ಕತ್ತರಿಸಿದರೆ 1,000 ತುಂಡು, ಒಟ್ಟು 60 ಚದರ ಸೆಂ.ಮೀ. ಒಂದು ಮೈಕ್ರೋಮೀಟರ್‌ವರೆಗೆ ಅರೆದರೆ 6 ಚದರ ಮೀಟರ್, ಅಂದರೆ 10,000 ಪಟ್ಟು. ಹಿಟ್ಟು, ಮರದ ಪುಡಿ, ಅಲ್ಯೂಮಿನಿಯಂ ಧೂಳು ಗಾಳಿಯಲ್ಲಿ ತೇಲುವಾಗ ಕಿಡಿ ತಗುಲಿದರೆ ಸ್ಫೋಟವಾಗುವುದು ಇದೇ ಲೆಕ್ಕದಿಂದ. ಅದೇ ವಸ್ತು ರಾಶಿಯಾಗಿ ಬಿದ್ದಿದ್ದರೆ ನಿಧಾನಕ್ಕೆ ಉರಿಯುತ್ತದೆ, ಅಷ್ಟೆ.

ಪುಡಿ ಮಾಡಿಯೂ ಪ್ರಯೋಜನವಾಗದ ಸಂದರ್ಭಗಳಿವೆ. ಅಮೃತಶಿಲೆಯ ಚೂರಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಗುಳ್ಳೆ ಬಂದು ಬೇಗನೆ ನಿಲ್ಲುತ್ತದೆ. ಅಷ್ಟಾಗಿ ಕರಗದ ಕ್ಯಾಲ್ಸಿಯಂ ಸಲ್ಫೇಟ್ ಚೂರಿನ ಸುತ್ತ ಹೊದಿಕೆಯಾಗಿ ಕೂರುತ್ತದೆ. ಕಾರ್ಬನ್ ಡೈಆಕ್ಸೈಡ್ ತಯಾರಿಸಲು ಹೈಡ್ರೋಕ್ಲೋರಿಕ್ ಆಮ್ಲವನ್ನೇ ಹೇಳುವುದು ಅದಕ್ಕಾಗಿ. ಇನ್ನು ನಯವಾದ ಪುಡಿಯನ್ನು ಒಮ್ಮೆಲೇ ಸುರಿದರೆ ಒದ್ದೆಯಾಗದೆ ಗಂಟು ಕಟ್ಟುತ್ತದೆ. ಆ ಗಂಟಿನ ಮೇಲ್ಮೈ ಅಷ್ಟೇ ಕೆಲಸಕ್ಕೆ ಬರುತ್ತದೆ.

ಕಲಕುವುದರಿಂದ ಲಾಭವಿದೆಯೇ?

ವಸ್ತುಗಳು ಒಂದನ್ನೊಂದು ತಲುಪುವುದೇ ತಡವಾಗುತ್ತಿದ್ದರೆ ಇದೆ. ಎಣ್ಣೆ ಮತ್ತು ನೀರಿನಂತೆ ಎರಡು ಪದರಗಳಿದ್ದಾಗ, ಘನ ತಳದಲ್ಲಿ ಕೂತಿದ್ದಾಗ, ಅನಿಲವನ್ನು ದ್ರವಕ್ಕೆ ಹಾಯಿಸುವಾಗ ಕಲಕುವಿಕೆಯೇ ಮುಖ್ಯ. ಚೆನ್ನಾಗಿ ಬೆರೆತ ಒಂದೇ ದ್ರಾವಣದಲ್ಲಿ ನಿಧಾನದ ಕ್ರಿಯೆ ನಡೆಯುತ್ತಿದ್ದರೆ ಎಷ್ಟು ತಿರುಗಿಸಿದರೂ ಅಷ್ಟೇ. ಪರೀಕ್ಷಿಸುವುದು ಸುಲಭ: ಕಲಕುವ ವೇಗ ದುಪ್ಪಟ್ಟು ಮಾಡಿ. ಕ್ರಿಯೆ ಬದಲಾದರೆ ಅಡಚಣೆ ಸಾಗಣೆಯಲ್ಲಿದೆ, ಬದಲಾಗದಿದ್ದರೆ ರಸಾಯನದಲ್ಲಿದೆ. ಇದನ್ನು ನೋಡದೆ ತಾಪ ಏರಿಸುವವರೇ ಹೆಚ್ಚು.

ಒತ್ತಡದ ಪರಿಣಾಮ?

ಅನಿಲಗಳಿಗೆ ಒತ್ತಡವೆಂದರೆ ಸಾರತೆಯೇ. ಅದೇ ತಾಪದಲ್ಲಿ ಗಾತ್ರ ಅರ್ಧಕ್ಕೆ ಇಳಿದರೆ ಸಾರತೆ ದುಪ್ಪಟ್ಟು. ದ್ರವ ಮತ್ತು ಘನಗಳಿಗೆ ಸಾಮಾನ್ಯ ಒತ್ತಡಗಳಲ್ಲಿ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸವಿಲ್ಲ.

ಥಯೋಸಲ್ಫೇಟ್ ಪ್ರಯೋಗವನ್ನು ಸರಿಯಾಗಿ ಮಾಡುವುದು ಹೇಗೆ? ನಮ್ಮ ಗ್ರಾಫ್ ನೇರವಾಗಿ ಬರುತ್ತಿಲ್ಲ.

ಆಮ್ಲ ಸೇರಿದಾಗ ಥಯೋಸಲ್ಫೇಟ್‌ನಿಂದ ಗಂಧಕ ಹೊರಬಂದು ದ್ರಾವಣ ಮಬ್ಬಾಗುವ ವೇಗವನ್ನು ಅಳೆಯುವ ಪ್ರಯೋಗ ಇದು. ಬೇಕಾದವು: 0.15 ಮೋಲಾರ್ ಸೋಡಿಯಂ ಥಯೋಸಲ್ಫೇಟ್ ದ್ರಾವಣ, ಅಂದರೆ ಐದು ನೀರಿನಣು ಹೊಂದಿದ ಹರಳು 37.2 ಗ್ರಾಂ ತೂಗಿ 1 ಲೀಟರ್ ಮಾಡಿದ್ದು. 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, 100 ಮಿ.ಲೀ. ಕೋನಿಕಲ್ ಫ್ಲಾಸ್ಕ್, ಸ್ಟಾಪ್‌ವಾಚ್, ಕಪ್ಪು ಗುಣಾಕಾರ ಚಿಹ್ನೆ ಬರೆದ ಬಿಳಿ ಕಾಗದ.

ಐದು ಬಾರಿ ಮಾಡಿ: ಥಯೋಸಲ್ಫೇಟ್ 50, 40, 30, 20, 10 ಮಿ.ಲೀ.; ಅದಕ್ಕೆ ತಕ್ಕಂತೆ ನೀರು 0, 10, 20, 30, 40 ಮಿ.ಲೀ. ಪ್ರತಿ ಬಾರಿಯೂ ಕೊನೆಗೆ 5 ಮಿ.ಲೀ. ಆಮ್ಲ ಸುರಿದು ಗಡಿಯಾರ ಒತ್ತಿ, ಒಮ್ಮೆ ತಿರುವಿ ಕಾಗದದ ಮೇಲಿಡಿ. ಗಂಧಕದ ಮಬ್ಬಿನಲ್ಲಿ ಚಿಹ್ನೆ ಕಾಣದಾದಾಗ ನಿಲ್ಲಿಸಿ. ಚಿಹ್ನೆ ಮರೆಯಾಗಲು ಪ್ರತಿ ಬಾರಿಯೂ ಬೇಕಾಗುವ ಗಂಧಕ ಒಂದೇ ಆದ್ದರಿಂದ ವೇಗವನ್ನು "1 ಭಾಗಿಸು ಸಮಯ" ಎಂದು ಹಿಡಿಯಬಹುದು. ಅದನ್ನು ಥಯೋಸಲ್ಫೇಟ್ ಗಾತ್ರದ ಎದುರು ಗುರುತಿಸಿದರೆ ಹೆಚ್ಚುಕಡಿಮೆ ನೇರ ಗೆರೆ ಬರಬೇಕು. ಸಮಯವನ್ನೇ ಗುರುತಿಸಿದರೆ ಬಾಗಿದ ಗೆರೆ ಬರುತ್ತದೆ. ಬಹಳ ಸಲ ತಪ್ಪು ಇಷ್ಟೇ ಇರುತ್ತದೆ.

ಉಳಿದ ತಪ್ಪುಗಳು: ಹಿಂದಿನ ಸಲದ ಗಂಧಕ ಫ್ಲಾಸ್ಕಿನ ತಳಕ್ಕೆ ಅಂಟಿರುವುದು, ನಡುವೆ ಬೇರೆ ಅಗಲದ ಫ್ಲಾಸ್ಕ್ ಬಳಸಿ ದ್ರವದ ಆಳ ಬದಲಿಸುವುದು, ಒಬ್ಬರು ನೋಡಿದ ಮೇಲೆ ಇನ್ನೊಬ್ಬರು ನೋಡುವುದು, ಕಿಟಕಿಯ ಬೆಳಕು ಬದಲಾಗುವುದು.

ತಾಪದ ಪರಿಣಾಮ ನೋಡುವಾಗ 10 ಮಿ.ಲೀ. ಥಯೋಸಲ್ಫೇಟ್ ಮತ್ತು 40 ಮಿ.ಲೀ. ನೀರಿನ ಮಿಶ್ರಣ ತೆಗೆದುಕೊಳ್ಳಿ. ಆಮ್ಲ ಹಾಕುವ ಮುಂಚೆ ಬಿಸಿ ಮಾಡಿ, ಆದರೆ ತಾಪವನ್ನು ಬೆರೆಸಿದ ಮೇಲೆ ಬರೆದುಕೊಳ್ಳಿ, ತಣ್ಣನೆಯ ಆಮ್ಲ ಅದನ್ನು ಇಳಿಸಿರುತ್ತದೆ. 50 ಡಿಗ್ರಿ ದಾಟಬೇಡಿ. ಚಿಹ್ನೆ 10 ಸೆಕೆಂಡಿನಲ್ಲಿ ಮರೆಯಾದರೆ ಒಂದು ಸೆಕೆಂಡಿನ ತಡವೇ ಶೇ. 10ರ ತಪ್ಪು. ಮೇಲಾಗಿ ಬಿಸಿಯಲ್ಲಿ ಸಲ್ಫರ್ ಡೈಆಕ್ಸೈಡ್ ಹೆಚ್ಚು ಹೊರಬರುತ್ತದೆ, ಆಸ್ತಮಾ ಇರುವವರಿಗೆ ಅದು ಅಪಾಯ. ಕಿಟಕಿಗಳು ತೆರೆದಿರಲಿ. ಮುಗಿದ ಕೂಡಲೇ ಫ್ಲಾಸ್ಕಿನಲ್ಲಿರುವುದನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣಕ್ಕೆ ಸುರಿದರೆ ಆಮ್ಲ ಅಡಗಿ ಕ್ರಿಯೆ ನಿಲ್ಲುತ್ತದೆ.

ಕ್ರಿಯಾವರ್ಧಕ ಮಾಡುವುದಾದರೂ ಏನು?

ದಿಣ್ಣೆಯನ್ನು ಅಗೆದು ತಗ್ಗಿಸುವುದಿಲ್ಲ, ಬೇರೆ ದಾರಿ ತೋರಿಸುತ್ತದೆ. ಕ್ರಿಯೆಯಲ್ಲಿ ಭಾಗವಹಿಸಿಯೂ ಕೊನೆಯಲ್ಲಿ ಮೊದಲಿನಂತೆ ಹೊರಬರುತ್ತದೆ. "ಭಾಗವಹಿಸುವುದಿಲ್ಲ" ಎಂದು ಕೆಲವೆಡೆ ಬರೆದಿರುವುದು ತಪ್ಪು.

ಹೈಡ್ರೋಜನ್ ಪೆರಾಕ್ಸೈಡ್ ತಾನಾಗಿ ಒಡೆಯಲು ಮೋಲಿಗೆ ಸುಮಾರು 75 ಕಿಲೋಜೌಲ್ ಬೇಕು. ಅಯೊಡೈಡ್ ಇದ್ದರೆ ಸುಮಾರು 56. ಉಳಿದದ್ದೆಲ್ಲ ಒಂದೇ ಎಂದಿಟ್ಟುಕೊಂಡರೆ ಈ 19 ಕಿಲೋಜೌಲ್ ವ್ಯತ್ಯಾಸವೇ ಕೋಣೆಯ ತಾಪದಲ್ಲಿ 2,000 ಪಟ್ಟು ವೇಗ. ಗಾಯಕ್ಕೆ ಪೆರಾಕ್ಸೈಡ್ ತಾಗಿದಾಗ ನೊರೆ ಏಳುವುದು ರಕ್ತದಲ್ಲಿರುವ ಕ್ಯಾಟಲೇಸ್ ಕಿಣ್ವದಿಂದ. ಅದು ಅಯೊಡೈಡನ್ನೂ ಎಷ್ಟೋ ಹಿಂದೆ ಹಾಕುತ್ತದೆ.

ಪ್ರಯೋಗಕ್ಕೆ ಒಂದು ಸೂಚನೆ. ಶೇ. 3ರ ಪೆರಾಕ್ಸೈಡ್ ತನ್ನ ಗಾತ್ರದ ಸುಮಾರು 10 ಪಟ್ಟು ಆಕ್ಸಿಜನ್ ಕೊಡುತ್ತದೆ. 50 ಮಿ.ಲೀ. ತೆಗೆದುಕೊಂಡರೆ 500 ಮಿ.ಲೀ. ಅನಿಲ, ಅನಿಲ ಅಳೆಯುವ 100 ಮಿ.ಲೀ. ಸಿರಿಂಜಿನ ಪಿಸ್ಟನ್ ಹಾರಿಹೋಗುತ್ತದೆ. 5 ಮಿ.ಲೀ. ತೆಗೆದುಕೊಂಡು 45 ಮಿ.ಲೀ. ನೀರು ಬೆರೆಸಿ, 0.5 ಗ್ರಾಂ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ. ಮುಗಿದ ಮೇಲೆ ಸೋಸಿ, ತೊಳೆದು, ಒಣಗಿಸಿ ತೂಗಿದರೆ ಅದೇ 0.5 ಗ್ರಾಂ ಸಿಗಬೇಕು. ಶೇ. 30ರ ಪೆರಾಕ್ಸೈಡಿಗೆ ಇದನ್ನು ಹಾಕಲೇಬೇಡಿ, ಕುದಿದು ಚಿಮ್ಮುತ್ತದೆ.

ಕ್ರಿಯಾವರ್ಧಕ ಹೆಚ್ಚು ಹಾಕಿದರೆ ಉತ್ಪನ್ನ ಹೆಚ್ಚು ಸಿಗುತ್ತದೆಯೇ?

ಇಲ್ಲ. ಮುಮ್ಮುಖ, ಹಿಮ್ಮುಖ ಎರಡೂ ಕ್ರಿಯೆಗಳನ್ನು ಅದು ಒಂದೇ ಅನುಪಾತದಲ್ಲಿ ಚುರುಕುಗೊಳಿಸುತ್ತದೆ. ಸಮತೋಲನ ಬೇಗ ಬರುತ್ತದೆ, ಜಾಗ ಬದಲಿಸುವುದಿಲ್ಲ. ಅಮೋನಿಯಾ ತಯಾರಿಕೆಯಲ್ಲಿ ಇದರ ಇಕ್ಕಟ್ಟು ಚೆನ್ನಾಗಿ ಕಾಣುತ್ತದೆ. ತಾಪ ಕಡಿಮೆಯಾದಷ್ಟೂ ಸಮತೋಲನದಲ್ಲಿ ಅಮೋನಿಯಾ ಹೆಚ್ಚು, ಆದರೆ ಕಬ್ಬಿಣದ ಕ್ರಿಯಾವರ್ಧಕ ತಣ್ಣಗೆ ಕೆಲಸ ಮಾಡುವುದಿಲ್ಲ. ಆದ್ದರಿಂದ 400ರಿಂದ 500 ಡಿಗ್ರಿ, ಸುಮಾರು 150ರಿಂದ 250 ವಾಯುಭಾರದ ಒತ್ತಡ ಎಂಬ ರಾಜಿ. ಒಂದು ಸುತ್ತಿನಲ್ಲಿ ಮಾರ್ಪಡುವುದು ಶೇ. 15ರ ಆಸುಪಾಸು. ಅಮೋನಿಯಾವನ್ನು ತಂಪಾಗಿಸಿ ಬೇರ್ಪಡಿಸಿ, ಉಳಿದ ಅನಿಲವನ್ನು ಮತ್ತೆ ಸುತ್ತಿಸುತ್ತಾರೆ.

ಕೆಲಸ ಮಾಡುತ್ತಿದ್ದ ಕ್ರಿಯಾವರ್ಧಕ ಸೋತುಹೋಗುವುದೇಕೆ?

ಮುಖ್ಯವಾಗಿ ಮೂರು ಬಗೆ. ಸೀಸ, ಗಂಧಕದಂಥವು ಮೇಲ್ಮೈಗೆ ಕಚ್ಚಿಕೊಂಡು ಜಾಗ ಬಿಡುವುದಿಲ್ಲ. ಪ್ಲಾಟಿನಂ, ಪಲೇಡಿಯಂ, ರೋಡಿಯಂ ಇರುವ ವಾಹನದ ಕ್ಯಾಟಲಿಟಿಕ್ ಕನ್ವರ್ಟರ್ ಸೀಸಭರಿತ ಪೆಟ್ರೋಲಿಗೆ ಹಾಳಾಗುವುದು ಹೀಗೆ. ಎರಡನೆಯದು ಅತಿ ಬಿಸಿಯಲ್ಲಿ ಲೋಹದ ಸೂಕ್ಷ್ಮ ಕಣಗಳು ಕೂಡಿಕೊಂಡು ದಪ್ಪವಾಗಿ ಮೇಲ್ಮೈ ಕಳೆದುಕೊಳ್ಳುವುದು. ಮೂರನೆಯದು ಇಂಗಾಲದ ಮಸಿ ಕೂರುವುದು. ಇದನ್ನು ಹದವಾದ ಗಾಳಿಯಲ್ಲಿ ಸುಟ್ಟು ಮರಳಿ ಪಡೆಯಬಹುದು. ಕನ್ವರ್ಟರ್ ಹಾಳಾಗದಿದ್ದರೂ ಸುಮಾರು 250ರಿಂದ 300 ಡಿಗ್ರಿ ಮುಟ್ಟುವವರೆಗೆ ಕೆಲಸ ಮಾಡದು ಎಂಬುದು ನೆನಪಿರಲಿ. ತಣ್ಣನೆಯ ಎಂಜಿನ್ ಶುರುವಾದ ಮೊದಲ ನಿಮಿಷಗಳ ಹೊಗೆ ಅದಕ್ಕೇ ಕೆಟ್ಟದ್ದು.

ಬೆಳಕಿನಿಂದ ಕ್ರಿಯೆ ಆರಂಭವಾಗುವುದು ಹೇಗೆ?

ಫೋಟಾನು ಒಂದೇ ಏಟಿಗೆ ಬಂಧ ಮುರಿಯಬಲ್ಲದು, ತಕ್ಕಷ್ಟು ಶಕ್ತಿ ಇದ್ದರೆ. ಕ್ಲೋರಿನ್ ಬಂಧಕ್ಕೆ ಮೋಲಿಗೆ 242 ಕಿಲೋಜೌಲ್ ಬೇಕು. ಅದು ಸುಮಾರು 494 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕಿನಲ್ಲಿದೆ. ಹೈಡ್ರೋಜನ್ ಮತ್ತು ಕ್ಲೋರಿನ್ ಮಿಶ್ರಣ ನೀಲಿ ಬೆಳಕಿಗೆ ಸಿಡಿಯುತ್ತದೆ, ಕೆಂಪು ಬೆಳಕನ್ನು ಎಷ್ಟೇ ಸುರಿದರೂ ಸುಮ್ಮನಿರುತ್ತದೆ.

ಕ್ರಿಯೆಯನ್ನು ಬೇಕೆಂದೇ ನಿಧಾನಗೊಳಿಸುವುದು ಹೇಗೆ?

ತಂಪು, ಕತ್ತಲೆ, ತೆಳು ದ್ರಾವಣ ಮೊದಲ ಉಪಾಯಗಳು. ಅವು ಸಾಲದಾಗ ಪ್ರತಿಬಂಧಕ ಹಾಕುತ್ತಾರೆ. ಪೆರಾಕ್ಸೈಡ್ ಬಾಟಲಿಯಲ್ಲಿ ಫಾಸ್ಪರಿಕ್ ಆಮ್ಲದಂಥ ಸ್ಥಿರಕಾರಿ ಇರುತ್ತದೆ.

ಅಕ್ರಿಲಿಕ್ ಆಮ್ಲದ ವಿಷಯದಲ್ಲಿ ಎಚ್ಚರ ಬೇಕು. ಅಣುಗಳು ತಾವಾಗಿ ಉದ್ದ ಸರಪಳಿಗಳಾಗಿ ಕೂಡಿ ಪಾಲಿಮರ್ ಆಗದಿರಲೆಂದು ಅದಕ್ಕೆ ಹತ್ತು ಲಕ್ಷಕ್ಕೆ 200 ಭಾಗದಷ್ಟು ಮೀಥಾಕ್ಸಿಫೀನಾಲ್ ಬೆರೆಸಿರುತ್ತಾರೆ. ಈ ಪ್ರತಿಬಂಧಕ ಕೆಲಸ ಮಾಡಲು ದ್ರವದಲ್ಲಿ ಕರಗಿದ ಆಕ್ಸಿಜನ್ ಬೇಕು. "ಸುರಕ್ಷಿತವಾಗಿರಲಿ" ಎಂದು ಡ್ರಮ್ಮಿಗೆ ನೈಟ್ರೋಜನ್ ತುಂಬಿದರೆ ಕಾವಲುಗಾರನನ್ನೇ ಕಟ್ಟಿಹಾಕಿದಂತೆ. ಸುಮಾರು 13 ಡಿಗ್ರಿಯಲ್ಲಿ ಅಕ್ರಿಲಿಕ್ ಆಮ್ಲ ಹೆಪ್ಪುಗಟ್ಟುತ್ತದೆ. ಹರಳಿನಲ್ಲಿ ಪ್ರತಿಬಂಧಕ ಇರುವುದಿಲ್ಲ, ಅದೆಲ್ಲ ಉಳಿದ ದ್ರವಕ್ಕೆ ಸರಿದಿರುತ್ತದೆ. ಹಬೆ ಬಿಟ್ಟು ಕರಗಿಸಿದರೆ ಕಾಯ್ದ ಮೂಲೆಯಲ್ಲಿ ಪಾಲಿಮರೀಕರಣ ಶುರುವಾಗಿ ಡ್ರಮ್ ಸಿಡಿಯಬಹುದು.

ಮೊದಲು ಏನೂ ಆಗದೆ, ಆಮೇಲೆ ಒಮ್ಮೆಲೇ ಜೋರಾಗುವುದೇಕೆ?

ಎರಡು ಸಾಮಾನ್ಯ ಕಾರಣ. ಅಲ್ಯೂಮಿನಿಯಂ ಮೇಲಿನ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರದಂತೆ ಮೊದಲು ಒಂದು ತಡೆ ಕರಗಬೇಕಿರುತ್ತದೆ. ಅಥವಾ ಉತ್ಪನ್ನವೇ ಕ್ರಿಯಾವರ್ಧಕವಾಗಿರುತ್ತದೆ. ಆಕ್ಸಾಲಿಕ್ ಆಮ್ಲಕ್ಕೆ ಪರ್ಮಾಂಗನೇಟ್ ಬಿಡುವಾಗ 60 ಡಿಗ್ರಿಗೆ ಬಿಸಿ ಮಾಡಿದ್ದರೂ ಮೊದಲ ಹನಿಗಳ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ. ಮ್ಯಾಂಗನೀಸ್ ಅಯಾನು ಹುಟ್ಟಿಕೊಂಡ ಮೇಲೆ ಹನಿ ಬಿದ್ದಲ್ಲೇ ಮಾಯ. ಅವಸರಪಟ್ಟು ಮೊದಲೇ ಸುರಿದರೆ ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಕಾಣಿಸಿಕೊಂಡು ಟೈಟ್ರೇಷನ್ (ಹನಿಹನಿಯಾಗಿ ಬಿಟ್ಟು ಪ್ರಮಾಣ ಅಳೆಯುವ ಪ್ರಯೋಗ) ಕೆಡುತ್ತದೆ.

ಫ್ಲಾಸ್ಕಿನಲ್ಲಿ ಸರಾಗವಾಗಿದ್ದ ಕ್ರಿಯೆ ದೊಡ್ಡ ರಿಯಾಕ್ಟರಿನಲ್ಲಿ ಕೈಮೀರುವುದೇಕೆ?

1 ಲೀಟರಿನಿಂದ 1,000 ಲೀಟರಿಗೆ ಹೋದಾಗ ಬಿಸಿ ಹುಟ್ಟಿಸುವ ಗಾತ್ರ 1,000 ಪಟ್ಟಾಗುತ್ತದೆ, ಬಿಸಿ ಬಿಟ್ಟುಕೊಡುವ ಗೋಡೆ 100 ಪಟ್ಟು ಮಾತ್ರ. ಪ್ರತಿ ಲೀಟರಿಗೆ ಸಿಗುವ ತಂಪು ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಮೇಲಾಗಿ ತಂಪು ತಾಪದ ಅಂತರಕ್ಕೆ ಅನುಗುಣವಾಗಿ ನೇರ ಗೆರೆಯಲ್ಲಿ ಏರಿದರೆ, ಬಿಸಿ ಅರ್ಹೇನಿಯಸ್ ಸೂತ್ರದಂತೆ ಘಾತದಲ್ಲಿ ಏರುತ್ತದೆ. ಒಮ್ಮೆ ಬಿಸಿ ಮುಂದೆ ಹೋಯಿತೆಂದರೆ ತಂಪು ಅದನ್ನು ಹಿಡಿಯಲಾರದು. 2007ರ ಡಿಸೆಂಬರಿನಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ ಒಂದು ರಿಯಾಕ್ಟರಿನ ತಂಪಾಗಿಸುವ ವ್ಯವಸ್ಥೆ ಕೈಕೊಟ್ಟು ಹೀಗೇ ಸಿಡಿದಾಗ ನಾಲ್ವರು ಸತ್ತರು.

ವಾಡಿಕೆಯ ಪರಿಹಾರವೆಂದರೆ ಎಲ್ಲವನ್ನೂ ಒಟ್ಟಿಗೆ ಹಾಕದೆ ಒಂದು ಪ್ರತಿವರ್ತಕವನ್ನು ಸ್ವಲ್ಪಸ್ವಲ್ಪವಾಗಿ ಬಿಡುವುದು. ಇದರಲ್ಲೂ ಒಂದು ಬಲೆ ಇದೆ. ಭಯಪಟ್ಟು ರಿಯಾಕ್ಟರನ್ನು ತೀರ ತಣ್ಣಗಿಟ್ಟರೆ ಬಿಟ್ಟ ವಸ್ತು ಕ್ರಿಯೆ ನಡೆಸದೆ ಒಳಗೇ ಶೇಖರವಾಗುತ್ತದೆ. ತಾಪಮಾಪಕ ಶಾಂತವಾಗಿರುತ್ತದೆ, ನಿರ್ವಾಹಕ ಮತ್ತಷ್ಟು ಬಿಡುತ್ತಾನೆ. ಆಮೇಲೆ ತಾಪ ತುಸು ಏರಿದರೂ ಸೇರಿಕೊಂಡದ್ದೆಲ್ಲ ಒಂದೇ ಸಲ ಉರಿದೇಳುತ್ತದೆ. ಆದ್ದರಿಂದ ಬಿಡುತ್ತಿರುವಾಗ ತಾಪ ನಿರೀಕ್ಷೆಯಷ್ಟು ಏರದಿದ್ದರೆ, ಮೊದಲು ಕವಾಟ ಮುಚ್ಚಿ. ಕಲಕುವ ರೆಕ್ಕೆ ತಿರುಗುತ್ತಿದೆಯೇ ನೋಡಿ, ಮಾದರಿ ತೆಗೆದು ಒಳಗೆ ಎಷ್ಟು ಉಳಿದಿದೆ ಎಂದು ಅಳೆಯಿರಿ. ಲೆಕ್ಕ ಸಿಗುವವರೆಗೆ ಬಿಸಿ ಮಾಡಬೇಡಿ. ನಿಂತಿದ್ದ ರೆಕ್ಕೆಯನ್ನು ಒಮ್ಮೆಲೇ ಚಾಲೂ ಮಾಡಲೂ ಬೇಡಿ, ಪದರಗಳಾಗಿ ನಿಂತಿದ್ದೆಲ್ಲ ಆ ಕ್ಷಣವೇ ಬೆರೆಯುತ್ತದೆ.